ಪಂಡಿತಾ ರಮಾಬಾಯಿಯವರ ಜೀವನವೂ ಅವರ ಮನಃಸ್ಥೈರ್ಯವೂ



ನಮ್ಮ ಶಾಲೆಯಲ್ಲಿ ಕಲಿತು ಹೊರಟ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾದವರಿದ್ದಾರೆ, ದಾದಿಯರಾದವರಿದ್ದಾರೆ, ವೈದ್ಯರಾದವರೂ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದವರೂ ಇದ್ದಾರೆ. ಅವರಲ್ಲಿ ಯಾರೇ ಆಗಲಿ, ಮೊದಲ ದಿನ ಕುಳಿತ ಕುರ್ಚಿಯಲ್ಲಿಯೇ ಕಡೆಯ ದಿನದವರೆಗೂ ಕುಳಿತಿರುವರೆಂದು ಹೇಳಲಾಗದು. ಒಂದು ದಿನ ವರ್ಗದ ಕಾಗದ ಬರುತ್ತದೆ. ಇನ್ನೊಂದು ದಿನ ಹುದ್ದೆಯೇ ಇಲ್ಲವಾಯಿತೆಂದು ತಿಳಿದುಬರುತ್ತದೆ. ಧನಸಹಾಯವು ನಿಂತು ಸಂಸ್ಥೆಯು ಮುಚ್ಚಿಹೋಗುತ್ತದೆ. ವ್ಯಾಧಿಯೊಂದು ಬಂದು ಕಲಿತ ವಿದ್ಯೆಯನ್ನು ನಡೆಸಲಾಗದಂತೆ ಮಾಡುತ್ತದೆ. ಆಗ ನಷ್ಟವಾದುದು ಸಂಬಳವೊಂದೇ ಎಂದು ನೋಡುವವರು ತಿಳಿಯುತ್ತಾರೆ. ಕೆಲಸವನ್ನು ಕಳೆದುಕೊಂಡವಳಿಗಾದರೋ ತಾನು ಯಾರೆಂಬುದೇ ಮರೆತಂತಾಗುತ್ತದೆ. ರಾತ್ರಿ ನಿದ್ರೆ ಬಾರದು. ನಾಳೆಯೆಂಬುದು ಮಂಜು ಕವಿದ ಘಟ್ಟದ ದಾರಿಯಂತೆ ಕಾಣುತ್ತದೆ.

ಇಂತಹ ಸಮಯದಲ್ಲಿ ಧೈರ್ಯದಿಂದಿರಬೇಕೆಂದು ಬುದ್ಧಿ ಹೇಳುವುದು ಸುಲಭ. ಆ ಮಾತು ದುಃಖಿತರಿಗೆ ಎಷ್ಟು ಸ್ವಲ್ಪ ಸಹಾಯ ಮಾಡುವುದೆಂಬುದು ಅದನ್ನು ಕೇಳಿದವರಿಗೆ ಗೊತ್ತು. ಆದುದರಿಂದ ಬರಿಯ ಬುದ್ಧಿವಾದವನ್ನು ಬಿಟ್ಟು, ಕೆಲಸವೂ ಮನೆಯೂ ಆಶ್ರಯವೂ ಪದೇಪದೇ ಕಳೆದುಹೋದರೂ ಪ್ರತಿ ಸಲವೂ ಎದ್ದು ನಿಂತ ಒಬ್ಬ ಮಹಿಳೆಯ ಜೀವನವನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ಲೇಸೆಂದು ತೋರಿತು. ಆಕೆ ಪಂಡಿತಾ ರಮಾಬಾಯಿ. ಅವರ ಹೆಸರು ಮಹಾರಾಷ್ಟ್ರದೊಡನೆ ಬೆರೆತುಹೋಗಿದ್ದರೂ ಅವರು ಹುಟ್ಟಿದುದು ನಮ್ಮ ಕನ್ನಡ ನಾಡಿನ ಕಾಡಿನಲ್ಲಿ ಎಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳ ಉಗಮಸ್ಥಾನವಾದ ಗಂಗಾಮೂಲವು ಸಹ್ಯಾದ್ರಿಯ ದಟ್ಟವಾದ ಅರಣ್ಯದ ನಡುವೆ ಇರುವುದು. ಅಲ್ಲಿಯ ಒಂದು ಆಶ್ರಮದಲ್ಲಿ 1858ನೆಯ ಇಸವಿ ಏಪ್ರಿಲ್ 23ನೆಯ ತಾರೀಖು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಎಂಬ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತದಲ್ಲಿ ಮಹಾ ವಿದ್ವಾಂಸರು. ಯೌವನದಲ್ಲಿ ಅವರು ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಸ್ತ್ರೀಯ ಬಾಯಿಂದ ದೇವಭಾಷೆಯು ಶುದ್ಧವಾಗಿ ಹೊರಡುವುದನ್ನು ಕಂಡ ಆ ಶಿಷ್ಯನು ತನ್ನ ಮನೆಯ ಸ್ತ್ರೀಯರಿಗೂ ಇದನ್ನು ಕಲಿಸುವೆನೆಂದು ಸಂಕಲ್ಪಿಸಿದನು. ಮುಂದೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸತೊಡಗಿದಾಗ ಊರಿನವರು ಕೋಪಗೊಂಡರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಾಧಾರಗಳನ್ನು ತೋರಿಸಿ ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಜನರ ಮಾತುಗಳಿಂದ ದೂರವಿದ್ದು ಪತ್ನಿಗೆ ಪಾಠ ಹೇಳಬೇಕೆಂದೇ ಶಾಸ್ತ್ರಿಗಳು ಗಂಗಾಮೂಲದ ಕಾಡನ್ನು ಸೇರಿದರು. ಹೆಣ್ಣುಮಗಳೊಬ್ಬಳಿಗೆ ಅಕ್ಷರವನ್ನು ಕಲಿಸುವುದಕ್ಕಾಗಿ ಮನುಷ್ಯರ ಊರನ್ನು ಬಿಟ್ಟು ಹುಲಿಗಳ ನೆರೆಯಲ್ಲಿ ವಾಸಿಸಿದ ಆ ತಂದೆಯನ್ನು ನೆನೆದರೆ ಈಗಿನ ತಾಯಿತಂದೆಗಳ ಹೃದಯವು ಕರಗದೆ ಇರದು.

ಆಶ್ರಮಕ್ಕೆ ವಿದ್ಯಾರ್ಥಿಗಳೂ ಯಾತ್ರಿಕರೂ ಬರುತ್ತಿದ್ದರು. ಎಲ್ಲರಿಗೂ ಅನ್ನವಿಕ್ಕಿ ಶಾಸ್ತ್ರಿಗಳ ಸ್ವತ್ತು ಕರಗಿತು, ಸಾಲವಾಯಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಆ ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನಿಳಿದನು. ಅಂದು ಆರಂಭವಾದ ಪ್ರಯಾಣವು ಇಪ್ಪತ್ತು ವರ್ಷಕ್ಕೂ ಮಿಕ್ಕು ಮುಂದುವರಿಯಿತು.

ಆ ಕುಟುಂಬದ ಉದ್ಯೋಗವು ಪುರಾಣ ಪಠನ. ಕ್ಷೇತ್ರಗಳ ದೇವಾಲಯಗಳಲ್ಲಿಯೂ ನದಿಯ ಮೆಟ್ಟಿಲುಗಳ ಮೇಲೂ ಕುಳಿತು ಸಂಸ್ಕೃತ ಪುರಾಣಗಳನ್ನು ಓದುವರು. ಕೇಳಿದ ಜನರು ಕಾಸು, ಅಕ್ಕಿ, ಹಣ್ಣು, ಹೂವುಗಳನ್ನು ಮುಂದಿಡುವರು. ನಡೆಯುತ್ತಲೂ ವಿಶ್ರಮಿಸುತ್ತಲೂ ತಾಯಿಯು ಮಗಳಿಗೆ ಪಾಠವನ್ನು ಹೇಳಿದಳು. ಹನ್ನೆರಡನೆಯ ವಯಸ್ಸಿಗೆ ರಮಾಬಾಯಿಯವರಿಗೆ ಪುರಾಣಗಳ 18,000 ಶ್ಲೋಕಗಳು ಕಂಠಸ್ಥವಾಗಿದ್ದುವೆಂದು ಹೇಳುತ್ತಾರೆ. ಮರಾಠಿಯಲ್ಲದೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ದಾರಿಯಲ್ಲಿಯೇ ಅವರಿಗೆ ಬಂದುವು.

ಆದರೆ ಈ ವೃತ್ತಿಯಲ್ಲಿ ಒಂದು ಕೊರತೆಯಿತ್ತು. ಕುಟುಂಬದವರಿಗೆ ಇದೊಂದರ ಹೊರತು ಬೇರೆ ಯಾವ ಕೈಗೆಲಸವೂ ತಿಳಿಯದು. ಕೂಲಿ ಮಾಡುವುದಕ್ಕೆ ಕುಲದ ಹೆಮ್ಮೆಯೂ ವಿದ್ಯೆಯ ಹೆಮ್ಮೆಯೂ ಅಡ್ಡವಾಗಿದ್ದುವು. ಮದ್ರಾಸ್ ಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ ಪುರಾಣ ಕೇಳುವವರಾರು? ಕೈಯಲ್ಲಿದ್ದ ಹಣವು ತೀರಿತು. ಪಾತ್ರೆಗಳೂ ಒಡವೆಗಳೂ ಒಂದೊಂದಾಗಿ ಮಾರಿಹೋದುವು. ಕಡೆಗೆ ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರು, ಸೊಪ್ಪು, ಒಂದಿಷ್ಟು ಕಾಡು ಖರ್ಜೂರದ ಹಣ್ಣುಗಳ ಮೇಲೆ ಜೀವವನ್ನು ಹಿಡಿದುಕೊಂಡರು. ದೃಷ್ಟಿಯನ್ನು ಕಳೆದುಕೊಂಡು ಮುಪ್ಪಾಗಿದ್ದ ತಂದೆಯು ಪುಣ್ಯತೀರ್ಥದಲ್ಲಿ ದೇಹವನ್ನು ಬಿಡುವೆನೆಂದು ನಿಶ್ಚಯಿಸಿದನು. ಆಗ ಅಣ್ಣ ಶ್ರೀನಿವಾಸನು ಮುಂದೆ ಬಂದು, ತಾನು ಕುಲದ ಅಭಿಮಾನವನ್ನೆಲ್ಲಾ ಬಿಟ್ಟಿರುವೆನೆಂದೂ ಯಾವ ಕೆಲಸವನ್ನಾದರೂ ಮಾಡಿ ಹೆತ್ತವರನ್ನು ಸಾಕುವೆನೆಂದೂ ಹೇಳಿ ತಂದೆಯನ್ನು ತಡೆದನು. ಈ ಸಂಗತಿಯನ್ನು ರಮಾಬಾಯಿಯವರು ಜೀವಮಾನವಿಡೀ ಮರೆಯಲಿಲ್ಲ. ಒಂದೇ ವೃತ್ತಿಯನ್ನು ನಂಬಿ ಉಳಿದುದೆಲ್ಲವೂ ತಮಗೆ ಕೀಳೆಂದು ತಿಳಿದ ಮನೆಯು ಹೇಗೆ ಮುರಿಯುವುದೆಂಬುದನ್ನೂ, ಆ ಹೆಮ್ಮೆಯನ್ನು ಬಿಟ್ಟ ಒಬ್ಬ ಮಗನು ಹೇಗೆ ಮನೆಗೆ ಆಸರೆಯಾಗುವನೆಂಬುದನ್ನೂ ಅವರು ಹದಿನಾರನೆಯ ವಯಸ್ಸಿನಲ್ಲಿಯೇ ಕಂಡರು.

ಆದರೂ ಸಹಾಯವು ತಡವಾಗಿತ್ತು. 1874ರಲ್ಲಿ ತಂದೆಯು ತೀರಿಕೊಂಡನು. ಕೆಲವು ವಾರಗಳ ತರುವಾಯ ತಾಯಿಯೂ ಅದೇ ದಾರಿಯನ್ನು ಹಿಡಿದಳು. ಆಕೆಯ ಹೆಣವನ್ನು ಹೊರಲು ಇಬ್ಬರು ಬ್ರಾಹ್ಮಣರು ಮಾತ್ರ ಒಪ್ಪಿ ಬಂದುದರಿಂದ ಮಕ್ಕಳೇ ಹೆಗಲು ಕೊಡಬೇಕಾಯಿತು. ಸುಡುವ ಸ್ಥಳವು ಮೂರು ಮೈಲಿ ದೂರ. ರಮಾಬಾಯಿಯವರು ಎತ್ತರದಲ್ಲಿ ಗಿಡ್ಡವಾಗಿದ್ದುದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಸ್ವಲ್ಪ ಕಾಲದಲ್ಲಿ ಅಕ್ಕನೂ ಕಾಲರಾ ಬೇನೆಯಿಂದ ಮಡಿದಳು. ಉಳಿದ ಅಣ್ಣತಂಗಿಯರು ಉತ್ತರ ಹಿಂದೂಸ್ಥಾನದ ಕಡೆಗೆ ಸಾವಿರಾರು ಮೈಲಿಗಳನ್ನು ಕಾಲ್ನಡೆಯಾಗಿ ಸುತ್ತಿದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ ಚಳಿಯನ್ನು ತಡೆಯಲು ಹೊದಿಕೆಯಿಲ್ಲದೆ, ಮರಳಿನಲ್ಲಿ ಗುಳಿಗಳನ್ನು ತೋಡಿ ಕುತ್ತಿಗೆಯವರೆಗೆ ಒಣಮರಳನ್ನು ಎಳೆದುಕೊಂಡು ರಾತ್ರಿಯನ್ನು ಕಳೆದರು.

1878ರಲ್ಲಿ ಈ ಇಬ್ಬರೂ ಕಲಕತ್ತೆಗೆ ಬಂದರು. ಅಲ್ಲಿಯ ಪಂಡಿತರು ಈ ಇಪ್ಪತ್ತು ವರ್ಷದ ಯುವತಿಯ ಪಾಂಡಿತ್ಯವನ್ನು ಪರೀಕ್ಷಿಸಿ ಬೆರಗಾದರು; ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದಗ್ರಂಥವನ್ನು ಕೈಗಿತ್ತು ಓದಲು ಪ್ರೋತ್ಸಾಹಿಸಿದರು. ಅಣ್ಣತಂಗಿಯರು ಊರೂರಿಗೆ ಹೋಗಿ ಸ್ತ್ರೀವಿದ್ಯೆಯ ವಿಷಯವಾಗಿ ಉಪನ್ಯಾಸಗಳನ್ನು ಮಾಡತೊಡಗಿದರು. ಹಸಿವಿನ ದಿನಗಳು ಮುಗಿದುವೆಂದು ತೋರುತ್ತಿರುವಾಗಲೇ 1880ರಲ್ಲಿ ಢಾಕಾ ನಗರದಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಭೇದವನ್ನು ಎಣಿಸದೆ, ಕಾಯಿದೆಯ ಪ್ರಕಾರ ವಿವಾಹವಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ನೆಲೆಸಿದರು. ಬಾಲವಿಧವೆಯರಿಗಾಗಿ ಒಂದು ಶಾಲೆಯನ್ನು ತೆರೆಯಬೇಕೆಂದು ಪತಿಪತ್ನಿಯರು ಆಲೋಚಿಸಿದ್ದರು. 1881ರ ಏಪ್ರಿಲ್‌ನಲ್ಲಿ ಮನೋರಮೆಯು ಹುಟ್ಟಿದಳು. 1882ರ ಫೆಬ್ರವರಿ 4ರಂದು ಪತಿಯು ಕಾಲರಾದಿಂದ ಮರಣ ಹೊಂದಿದರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಮಗು, ಕರೆದು ಇರಿಸಿಕೊಳ್ಳಲು ತೌರೂ ಇಲ್ಲ, ಅತ್ತೆಯ ಮನೆಯೂ ಇಲ್ಲ.

ಅವರು ಪುಣೆಗೆ ಬಂದರು. ನ್ಯಾಯಮೂರ್ತಿ ರಾನಡೆ ಮುಂತಾದ ಸುಧಾರಕರ ಬೆಂಬಲದಿಂದ ಆರ್ಯ ಮಹಿಳಾ ಸಮಾಜವನ್ನು ಅದೇ ವರ್ಷ ಸ್ಥಾಪಿಸಿದರು; ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದರು; ಸರ್ಕಾರವು ನೇಮಿಸಿದ್ದ ಹಂಟರ್ ವಿದ್ಯಾಭ್ಯಾಸ ಸಮಿತಿಯ ಮುಂದೆ ಸಾಕ್ಷ್ಯವನ್ನು ಕೊಟ್ಟರು. ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀ ಉಪಾಧ್ಯಾಯಿನಿಯರು ಬೇಕು, ಈ ದೇಶದ ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕು ಎಂಬುದು ಅವರ ವಾದ. ಇತರರು ಮಾಡಲಿ ಎಂದು ಹೇಳಿ ಸುಮ್ಮನಿರುವ ಸ್ವಭಾವ ಅವರದಲ್ಲ. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ನಿಶ್ಚಯಿಸಿ, ಪುಸ್ತಕದಿಂದ ಬಂದ ಹಣವನ್ನು ಪ್ರಯಾಣಕ್ಕೆ ಕೂಡಿಸಿಕೊಂಡು, 1883ರಲ್ಲಿ ಎರಡು ವರ್ಷದ ಮಗಳೊಡನೆ ಇಂಗ್ಲೆಂಡಿಗೆ ಹಡಗನ್ನೇರಿದರು.

ವಾಂಟೇಜ್ ಎಂಬ ಊರಿನ ಸಹೋದರಿಯರ ಮಠವು ಅವರಿಗೆ ಆಶ್ರಯವನ್ನು ಕೊಟ್ಟಿತು. ಅಲ್ಲಿಯ ಸಹೋದರಿಯರು ಪತಿತರಾದ ಸ್ತ್ರೀಯರನ್ನೂ ಪ್ರೀತಿಯಿಂದ ಎತ್ತಿ ನಿಲ್ಲಿಸುವುದನ್ನು ಕಂಡು ಅವರ ಹೃದಯವು ಕ್ರಿಸ್ತನ ಕಡೆಗೆ ತಿರುಗಿತು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳು ದೀಕ್ಷಾಸ್ನಾನವನ್ನು ಹೊಂದಿದರು. ಆದರೆ ಯಾವ ಕೆಲಸಕ್ಕಾಗಿ ಸಮುದ್ರವನ್ನು ದಾಟಿದ್ದರೋ ಆ ಕೆಲಸದ ಬಾಗಿಲು ಮುಚ್ಚಿತು. ಅವರ ಕಿವಿಗಳು ಮಂದವಾಗುತ್ತಾ ಬಂದಿದ್ದುವು. ರೋಗಿಯ ಎದೆಯ ಸದ್ದನ್ನು ಕೇಳಲಾರದವರು, ಪಾಠಶಾಲೆಯ ಉಪನ್ಯಾಸವನ್ನು ಕೇಳಲಾರದವರು, ವೈದ್ಯರಾಗುವುದು ಹೇಗೆ? ವೈದ್ಯವ್ಯಾಸಂಗದ ಆಸೆಯನ್ನು ಬಿಡಲೇಬೇಕಾಯಿತು.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಆಲೋಚಿಸಬೇಕು. ಸ್ವದೇಶದಲ್ಲಿ ಬಹಿರಂಗವಾಗಿ ಸಾರಿ ಹೊರಟ ಉದ್ದೇಶವು ಹೀಗೆ ಮುರಿದುಬಿದ್ದಾಗ ಉಂಟಾಗುವ ನಾಚಿಕೆಯೂ ನೋವೂ ಸಾಮಾನ್ಯವಾದುವಲ್ಲ. ಹಿಂದಿರುಗಿದರೆ ನಗುವವರಿದ್ದರು, ಮತಾಂತರದಿಂದ ಮುನಿದವರೂ ಇದ್ದರು. ರಮಾಬಾಯಿಯವರು ಆ ಕಿವಿಗಳು ಮರಳಿ ಬರುವ ದಿನವನ್ನು ಕಾಯುತ್ತಾ ಕೂಡಲಿಲ್ಲ. ತಮ್ಮಲ್ಲಿ ಉಳಿದಿರುವುದೇನೆಂದು ನೋಡಿದರು. ತಾಯಿಯು ದಾರಿಯುದ್ದಕ್ಕೂ ಕಲಿಸಿದ್ದ ಸಂಸ್ಕೃತವು ಉಳಿದಿತ್ತು. ಡಾರೊಥಿಯಾ ಬೀಲ್ ಎಂಬ ಪ್ರಖ್ಯಾತ ವಿದುಷಿಯು ನಡೆಸುತ್ತಿದ್ದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ 1884ರಿಂದ ಅವರು ಸಂಸ್ಕೃತವನ್ನು ಕಲಿಸುತ್ತಾ, ತಾವು ಇಂಗ್ಲಿಷ್ ಮುಂತಾದ ವಿಷಯಗಳನ್ನು ಕಲಿಯುತ್ತಾ, ಒಂದು ದೊಡ್ಡ ಹೆಣ್ಣುಮಕ್ಕಳ ಶಾಲೆಯು ಹೇಗೆ ನಡೆಯುವುದೆಂಬುದನ್ನು ಕಣ್ಣಾರೆ ಕಂಡರು. ವೈದ್ಯರಾಗುವ ದಾರಿಯು ಮುಚ್ಚಿದುದರಿಂದಲೇ ಅವರು ಉಪಾಧ್ಯಾಯಿನಿಯಾದರೆಂದು ಹೇಳಬಹುದು.

1886ರಲ್ಲಿ ಅವರ ಬಂಧುವಾದ ಆನಂದಿಬಾಯಿ ಜೋಶಿಯವರು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವೈದ್ಯಪದವಿಯನ್ನು ಪಡೆದರು. ಆ ಸಮಾರಂಭಕ್ಕೆ ರಮಾಬಾಯಿಯವರು ಹೋದರು. ತಮಗೆ ದೊರೆಯದೆ ಹೋದ ಪದವಿಯನ್ನು ಇನ್ನೊಬ್ಬಳು ಪಡೆಯುವುದನ್ನು ಸಂತೋಷದಿಂದ ನೋಡಲು ಹೋಗುವುದು ಎಲ್ಲರಿಂದಲೂ ಆಗುವ ಕಾರ್ಯವಲ್ಲ. ಮುಂದಿನ ವರ್ಷವೇ ಆನಂದಿಬಾಯಿಯವರು ಸ್ವದೇಶದಲ್ಲಿ ಅಕಾಲಮರಣವನ್ನು ಹೊಂದಿದರು. ರಮಾಬಾಯಿಯವರು ಅಮೆರಿಕದಲ್ಲಿಯೇ ನಿಂತು ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಾಸಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ವಿವರಿಸುವ ಇಂಗ್ಲಿಷ್ ಗ್ರಂಥವನ್ನು 1887ರಲ್ಲಿ ಪ್ರಕಟಿಸಿದರು. ಊರಿಂದೂರಿಗೆ ಸಂಚರಿಸಿ ವಿಧವೆಯರ ಪರವಾಗಿ ಮಾತನಾಡಿದರು. ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವೆಂಬುದು ಏರ್ಪಟ್ಟು, ಹತ್ತು ವರ್ಷಗಳವರೆಗೆ ಒಂದು ವಿಧವಾಶಾಲೆಯ ವೆಚ್ಚವನ್ನು ಕೊಡುವೆವೆಂದು ವಾಗ್ದಾನಮಾಡಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಸಿಲ್ಚಾರಿನಲ್ಲಿ ಗಂಡನೊಡನೆ ಕಂಡ ಕನಸು ಏಳು ವರ್ಷಗಳ ಮೇಲೆ ಬೇರೊಂದು ಊರಿನಲ್ಲಿ ನಿಜವಾಯಿತು. ಮೊದಲ ವಿಧವಾ ವಿದ್ಯಾರ್ಥಿನಿಯಾಗಿ ಸೇರಿದ ಗೋದೂಬಾಯಿಯು ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ, ಸ್ತ್ರೀವಿದ್ಯೆಗೆ ಬಾಳನ್ನು ಮುಡಿಪಾಗಿಟ್ಟ ಆ ಮಹನೀಯರಿಗೆ ಸಹಧರ್ಮಿಣಿಯಾದಳು. 1890ರಲ್ಲಿ ಸದನವು ಪುಣೆಗೆ ಸ್ಥಳಾಂತರ ಹೊಂದಿತು.

ಆ ಪುಣೆಯಲ್ಲಿಯೇ ಮುಂದಿನ ಪೆಟ್ಟು ಕಾದಿತ್ತು. ಸದನದಲ್ಲಿ ಯಾರ ಮತಕ್ಕೂ ಅಡ್ಡಿಮಾಡಬಾರದೆಂಬ ನಿಯಮವಿತ್ತು. ಹಿಂದೂ ಹುಡುಗಿಯರು ತಮ್ಮ ಆಚಾರಗಳನ್ನು ನಡೆಸುತ್ತಿದ್ದರು. ಆದರೆ ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಬಾಗಿಲು ಹಾಕಿಕೊಂಡು ಮಾಡಲು ಒಪ್ಪಲಿಲ್ಲ. ತೆರೆದ ಬಾಗಿಲಿನೊಳಗೆ ಕೆಲವು ಹುಡುಗಿಯರು ಬಂದು ಕುಳಿತುಕೊಂಡರು. ಇದು ಊರಿಗೆ ತಿಳಿದು ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1893ರಲ್ಲಿ ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಂಡಾರ್ಕರ್ ಮುಂತಾದ ಹಿತೈಷಿಗಳು ರಾಜೀನಾಮೆಯನ್ನಿತ್ತರು. ಇಪ್ಪತ್ತೈದು ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ತಾಯಿತಂದೆಗಳ ಆತಂಕವನ್ನು ಸುಳ್ಳೆಂದು ಹೇಳಲಾಗದು. ಮಗಳು ಕೈತಪ್ಪುವಳೆಂಬ ಭಯವು ಎಲ್ಲ ಮತದವರ ಮನೆಯಲ್ಲಿಯೂ ಒಂದೇ. ಆದರೆ ಹೆಸರು ಹಿಡಿದು ಕರೆಯುತ್ತಿದ್ದ ಮಕ್ಕಳ ಹಾಸಿಗೆಗಳು ಒಂದೊಂದಾಗಿ ಬರಿದಾಗುವುದನ್ನು ನೋಡುವ ಅಧ್ಯಾಪಿಕೆಯ ನೋವೂ ಸುಳ್ಳಲ್ಲ. ರಮಾಬಾಯಿಯವರು ಹೋದವರನ್ನು ನಿಂದಿಸುತ್ತಾ ಕಾಲ ಕಳೆಯಲಿಲ್ಲ. ಉಳಿದ ಹುಡುಗಿಯರಿಗೆ ಮರುದಿನವೂ ಪಾಠವಿತ್ತು. ಕಾಲಕ್ರಮದಲ್ಲಿ ಸದನವು ಮತ್ತೆ ತುಂಬಿತು.

ಅವರ ಅಂತರಂಗದ ವಿಷಯವಾಗಿಯೂ ಇಲ್ಲಿ ಒಂದು ಮಾತನ್ನು ಹೇಳಬೇಕು. ದೀಕ್ಷಾಸ್ನಾನವಾದ ಮೇಲೆಯೂ ಸುಮಾರು ಎಂಟು ವರ್ಷಗಳ ಕಾಲ ತಮಗೆ ಕ್ರಿಸ್ತಮತವು ದೊರೆತಿದ್ದರೂ ಕ್ರಿಸ್ತನು ದೊರೆತಿರಲಿಲ್ಲವೆಂಬ ಭಾವವನ್ನು ಅವರೇ ತಮ್ಮ ಸಾಕ್ಷ್ಯಗ್ರಂಥದಲ್ಲಿ ಒಪ್ಪಿಕೊಂಡಿದ್ದಾರೆ. 1891ರ ಸುಮಾರಿಗೆ ಅವರ ಹೃದಯಕ್ಕೆ ಶಾಂತಿಯು ಬಂದಿತು. ಹೊರಗಿನಿಂದ ಗಟ್ಟಿಗಳಾಗಿ ಕಾಣುತ್ತಿದ್ದ ಈ ವಿದುಷಿಯು ಒಳಗೆ ಬಹುಕಾಲ ತಡಕಾಡುತ್ತಿದ್ದಳೆಂಬುದು ನಮಗೆ ಸಮಾಧಾನವನ್ನು ತರಬೇಕಾದ ಸಂಗತಿ. ಮನಸ್ಸು ನೆಲೆಗೊಂಡ ಮೇಲೆಯೇ ಕೆಲಸಕ್ಕೆ ಕೈಹಾಕುವೆನೆಂದು ಅವರು ಕುಳಿತಿದ್ದರೆ ಶಾರದಾ ಸದನವು ಹುಟ್ಟುತ್ತಿರಲಿಲ್ಲ.

ಅಮೆರಿಕದ ಸಂಘದ ಹತ್ತು ವರ್ಷಗಳ ವಾಗ್ದಾನವು ಒಂದು ದಿನ ಮುಗಿಯುವುದೆಂಬುದನ್ನು ರಮಾಬಾಯಿಯವರು ಮರೆತಿರಲಿಲ್ಲ. ಸದನವು ತನ್ನ ಕಾಲಮೇಲೆ ತಾನು ನಿಲ್ಲಲೆಂದು ಪುಣೆಗೆ ಸುಮಾರು 34 ಮೈಲಿ ದೂರದ ಕೇಡಗಾಂವ್ ಎಂಬಲ್ಲಿ ಸುಮಾರು ನೂರು ಎಕರೆ ಭೂಮಿಯನ್ನು ಕೊಂಡು, ಹಣ್ಣಿನ ಗಿಡಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿದರು. ಹಣ್ಣು ಮಾರಿ ಶಾಲೆಯನ್ನು ನಡೆಸುವುದು ಅವರ ಲೆಕ್ಕಾಚಾರ. ಆ ಭೂಮಿಯು ಮತ್ತೊಂದು ಕಾರ್ಯಕ್ಕೆ ಬೇಕಾಗುವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಭಯಂಕರವಾದ ಕ್ಷಾಮವುಂಟಾಯಿತು. ಸುದ್ದಿಯನ್ನು ಕೇಳಿದೊಡನೆ ರಮಾಬಾಯಿಯವರಿಗೆ ತಿರುಪತಿಯ ಕಾಡು ನೆನಪಾಯಿತು. ಸದನಕ್ಕೆ ಗೊತ್ತುಮಾಡಿದ್ದ ಹಣವು ಮೇಲ್ಜಾತಿಯ ವಿಧವೆಯರಿಗೆ ಮಾತ್ರ; ಕ್ಷಾಮಪೀಡಿತರಿಗೆ ವೆಚ್ಚಮಾಡಲು ಕೈಯಲ್ಲಿ ಏನೂ ಇರಲಿಲ್ಲ. ಆದರೂ ಹೊರಟರು. ರಸ್ತೆಗಳಲ್ಲಿಯೂ ಪರಿಹಾರ ಶಿಬಿರಗಳಲ್ಲಿಯೂ ಹಸಿದ ಹುಡುಗಿಯರನ್ನು ದುಷ್ಟರು ಕೊಂಡೊಯ್ಯುತ್ತಿದ್ದುದನ್ನು ಕಂಡು, ಕೆಲವೇ ತಿಂಗಳುಗಳಲ್ಲಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ಕರೆತಂದರು. ಇಷ್ಟರಲ್ಲಿ 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಹೊಸಬರನ್ನು ಪಟ್ಟಣದೊಳಗೆ ಇಡುವಂತಿಲ್ಲವೆಂದು ಅಧಿಕಾರಿಗಳು ವಿಧಿಸಿದರು. ಅನ್ನವಿಲ್ಲದೆ ಬಂದ ಮಕ್ಕಳು, ಒಳಗೆ ಸೇರಿಸದ ಊರು. ಆಗ ಕೇಡಗಾಂವಿನ ಹಣ್ಣಿನ ತೋಟವು ನೆನಪಿಗೆ ಬಂದಿತು. ಡೇರೆಗಳಲ್ಲಿಯೂ ಹುಲ್ಲಿನ ಗುಡಿಸಲುಗಳಲ್ಲಿಯೂ ಮಕ್ಕಳು ನೆಲೆಸಿದರು. ಅದೇ ಮುಕ್ತಿ ಸದನದ ಪ್ರಾರಂಭ.

1898ರಲ್ಲಿ ಹತ್ತು ವರ್ಷಗಳ ಅವಧಿಯೂ ಮುಗಿಯುತ್ತಾ ಬಂದಿತು. ಇದ್ದ ಸಹಾಯವು ನಿಲ್ಲುವ ಕಾಲಕ್ಕೆ ಸರಿಯಾಗಿ ಊಟದ ಎಲೆಗಳು ನೂರಾರು ಹೆಚ್ಚಾಗಿದ್ದುವು. ಅವರು ಅಮೆರಿಕಕ್ಕೆ ಹೋಗಿ ನಡೆದುದನ್ನೆಲ್ಲಾ ಲೆಕ್ಕಸಹಿತ ಹಿತೈಷಿಗಳ ಮುಂದಿಟ್ಟರು. ಸಂಘವು ಹೊಸದಾಗಿ ಏರ್ಪಟ್ಟು ಸಹಾಯವನ್ನು ಮುಂದುವರಿಸಿತು. ಅದು ಸಾಲದಾದಾಗಲೆಲ್ಲಾ ಪ್ರಾರ್ಥನೆಯೇ ಅವರ ಭಂಡಾರವಾಗಿತ್ತು. ಗುಜರಾತಿನಲ್ಲಿ 1900ರಲ್ಲಿ ಮತ್ತೊಂದು ಕ್ಷಾಮವು ಬಂದಿತು. ಆಗ ಮುಕ್ತಿಯಲ್ಲಿ ಆಶ್ರಯ ಪಡೆದವರ ಸಂಖ್ಯೆಯು 1,500ನ್ನು ಮೀರಿತು.

ಈ ಸಾವಿರಾರು ಮಂದಿಗೆ ರಮಾಬಾಯಿಯವರು ಏನನ್ನು ಕಲಿಸಿದರೆಂಬುದೇ ನಮಗೆ ಮುಖ್ಯ. ಓದುಬರಹದ ಜೊತೆಗೆ ಪ್ರತಿಯೊಬ್ಬಳಿಗೂ ಒಂದು ಕೈಗೆಲಸವಿತ್ತು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹೈನುಗಾರಿಕೆ, ತೋಟಗಾರಿಕೆ, ಅಡಿಗೆ, ಬಟ್ಟೆ ಒಗೆಯುವುದು, ರೋಗಿಗಳ ಶುಶ್ರೂಷೆ, ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದು ಇವೆಲ್ಲವನ್ನೂ ಹೆಂಗಸರೇ ನಡೆಸಿದರು. ಮಗಳು ಮನೋರಮೆಯು ಕುರುಡರ ಲಿಪಿಯನ್ನು ಕಲಿತುಬಂದು ಕುರುಡಿಯರಿಗೂ ಓದುವುದನ್ನು ಕಲಿಸಿದಳು. ಒಂದೇ ವೃತ್ತಿಯ ಹೆಮ್ಮೆಯಲ್ಲಿ ತಮ್ಮ ಹೆತ್ತವರು ಹಸಿದು ಸತ್ತುದನ್ನು ಕಂಡ ಮಗಳು, ತನ್ನ ಆಶ್ರಯಕ್ಕೆ ಬಂದ ಯಾವ ಹೆಣ್ಣನ್ನೂ ಹಾಗೆ ಲೋಕಕ್ಕೆ ಕಳುಹಿಸಬಾರದೆಂದು ನಿಶ್ಚಯಿಸಿದ್ದಳೆಂದು ತೋರುತ್ತದೆ. ಪುಸ್ತಕವನ್ನು ಹಿಡಿದ ಕೈಯೇ ಸೌದೆಯನ್ನೂ ಹಿಡಿಯಬೇಕು. ಅದರಿಂದ ಪುಸ್ತಕಕ್ಕೆ ಅವಮಾನವಿಲ್ಲ.

ಜೀವನದ ಕಡೆಯ ಭಾಗದಲ್ಲಿ ಅವರ ಕೆಲಸವು ಮತ್ತೊಮ್ಮೆ ರೂಪವನ್ನು ಬದಲಾಯಿಸಿತು. ಆಗ ಬಳಕೆಯಲ್ಲಿದ್ದ ಮರಾಠಿ ಸತ್ಯವೇದದಲ್ಲಿ ಸಂಸ್ಕೃತ ಪದಗಳು ಹೆಚ್ಚಾಗಿದ್ದು ಹಳ್ಳಿಯ ಹೆಂಗಸರಿಗೆ ಅದು ಸುಲಭವಾಗಿ ತಿಳಿಯದೆಂದು ಅವರಿಗೆ ಕಂಡಿತು. ಆದುದರಿಂದ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ನಡುವಯಸ್ಸಿನಲ್ಲಿ ಕಲಿತು, ಮೂಲದಿಂದಲೇ ಸರಳವಾದ ಮರಾಠಿಗೆ ಸಮಗ್ರ ಸತ್ಯವೇದವನ್ನು ಭಾಷಾಂತರಿಸಲು ಆರಂಭಿಸಿದರು. ಕಿವುಡುತನವು ಹೆಚ್ಚಿದಂತೆಲ್ಲಾ ಮಾತಿನ ಕೆಲಸವು ಕಷ್ಟವಾಯಿತು. ಬರೆಯುವ ಕೆಲಸಕ್ಕೆ ಕಿವಿಯು ಬೇಡ. ತಾಯಿಯು ಶ್ಲೋಕಗಳನ್ನು ಕಂಠಪಾಠ ಮಾಡಿಸಿ ಬೆಳೆಸಿದ ಭಾಷಾಜ್ಞಾನವು ಅರವತ್ತು ದಾಟಿದ ಮೇಲೆಯೂ ಕೆಲಸಕ್ಕೆ ಬರುವುದೆಂದು ಆ ತಾಯಿಯು ಕನಸಿನಲ್ಲಿಯೂ ಎಣಿಸಿರಲಾರಳು.

ಮನೋರಮೆಯು ವಿದ್ಯಾವತಿಯಾಗಿ ಬೆಳೆದು ತಾಯಿಗೆ ಬಲಗೈಯಾಗಿದ್ದಳು. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಗುಲ್ಬರ್ಗದಲ್ಲಿ ತಾಯಿಯ ನೆರವಿನಿಂದ ಒಂದು ಶಾಲೆಯನ್ನು ನಡೆಸಿದವಳೂ ಆಕೆಯೇ. ಮುಂದೆ ಮುಕ್ತಿಯ ಭಾರವನ್ನೆಲ್ಲಾ ಆಕೆಯೇ ಹೊರುವಳೆಂದು ಎಲ್ಲರೂ ನಂಬಿದ್ದರು. 1919ರಲ್ಲಿ ಸರ್ಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಸನ್ಮಾನಿಸಿತು. 1921ರ ಜುಲೈನಲ್ಲಿ ಮನೋರಮೆಯು ತನ್ನ ನಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳುಹಿಸಿದ ಆ ವೃದ್ಧೆಗೆ ಉಳಿದಿದ್ದ ಒಬ್ಬಳೂ ಇಲ್ಲವಾದಳು. ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟವನ್ನಿಳಿದ ದಿನದಿಂದ ಕಂಡ ದುಃಖಗಳಲ್ಲಿ ಇದು ಎಲ್ಲಕ್ಕಿಂತ ಭಾರವಾದುದು. ಅವರ ಮೇಜಿನ ಮೇಲೆ ಸತ್ಯವೇದದ ಅಚ್ಚಿನ ಕರಡುಗಳಿದ್ದುವು. ಶರೀರವು ಕುಗ್ಗುತ್ತಾ ಬಂದರೂ ಅವುಗಳನ್ನು ತಿದ್ದುವ ಕೆಲಸವನ್ನು ಬಿಡಲಿಲ್ಲ. ಅದನ್ನು ಮುಗಿಸಿದ ಸ್ವಲ್ಪ ಕಾಲದಲ್ಲಿಯೇ, 1922ರ ಏಪ್ರಿಲ್ 5ರಂದು, ಕೇಡಗಾಂವಿನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಮುಕ್ತಿಯ ಹೆಂಗಸರೇ ಅಚ್ಚುಹಾಕಿದ ಆ ಸತ್ಯವೇದವು 1924ರಲ್ಲಿ ಪ್ರಕಟವಾಯಿತು. ಅವರು ಸ್ಥಾಪಿಸಿದ ಮುಕ್ತಿಯು ಇಂದಿಗೂ ಅಲ್ಲಿ ಅನಾಥರಿಗೂ ನಿರ್ಗತಿಕರಿಗೂ ಆಶ್ರಯವಾಗಿದೆ. 1989ರಲ್ಲಿ ಭಾರತ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿ ಅವರನ್ನು ಸ್ಮರಿಸಿತು.

ಈ ಜೀವನವನ್ನು ಆದ್ಯಂತವಾಗಿ ನೋಡಿದರೆ ರಮಾಬಾಯಿಯವರು ಪುರಾಣಿಕೆ, ಉಪನ್ಯಾಸಕಿ, ವೈದ್ಯಳಾಗಬಯಸಿದವಳು, ಅಧ್ಯಾಪಿಕೆ, ಗ್ರಂಥಕರ್ತ್ರಿ, ಅನಾಥರ ತಾಯಿ, ಭಾಷಾಂತರಕಾರಳು ಎಂಬ ಏಳು ಉದ್ಯೋಗಗಳನ್ನು ಕಂಡರು. ಇವುಗಳಲ್ಲಿ ಹೆಚ್ಚಿನವು ಅವರೇ ಆರಿಸಿಕೊಂಡ ತಿರುವುಗಳಲ್ಲ. ಕ್ಷಾಮವೂ ಮರಣವೂ ಕಿವುಡುತನವೂ ಜನಾಪವಾದವೂ ಪ್ಲೇಗೂ ಅವರನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ದೂಡಿದುವು. ಅವರ ಸ್ಥೈರ್ಯವು ದುಃಖವನ್ನು ಅರಿಯದವರ ಸ್ಥೈರ್ಯವಲ್ಲ. ಅವರು ಅತ್ತರು, ಸಂಶಯಪಟ್ಟರು, ವರ್ಷಗಟ್ಟಲೆ ಶಾಂತಿಯನ್ನು ಹುಡುಕಿದರು. ಆದರೆ ಕಳೆದುಹೋದ ಕೆಲಸದ ಬಾಗಿಲಲ್ಲಿಯೇ ಕುಳಿತು ತಟ್ಟುತ್ತಿರಲಿಲ್ಲ. ತನ್ನಲ್ಲಿ ಉಳಿದಿರುವುದೇನು, ತನ್ನ ಪಕ್ಕದಲ್ಲಿ ಕೊರತೆಯುಳ್ಳವರು ಯಾರು ಎಂಬ ಎರಡನ್ನು ನೋಡಿ, ಅದಕ್ಕೆ ಇದನ್ನು ಕೂಡಿಸಿದರು. ಹಳೆಯ ಕೆಲಸದಲ್ಲಿ ಕಲಿತುದು ಹೊಸ ಕೆಲಸದಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಕ್ಷಾಮದ ಹಸಿವೂ ಸಹ ವ್ಯರ್ಥವಾಗಲಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಈ ಸಂಚಿಕೆಯನ್ನು ಓದುತ್ತಿರುವಾಗ ಅಂತಹ ಒಂದು ಕಾಗದವನ್ನು ಕೈಯಲ್ಲಿ ಹಿಡಿದು ಚಿಂತಿಸುತ್ತಿರಬಹುದು. ನಾಚಿಕೊಳ್ಳಬೇಡಿರಿ. ಅಳು ಬಂದರೆ ಅಳಿರಿ; ನಿಮ್ಮ ಗೆಳತಿಯರಿಗೆ ತಿಳಿಸಿರಿ; ಪ್ರಾರ್ಥನೆಯಲ್ಲಿ ಅದನ್ನು ಕರ್ತನ ಮುಂದೆ ಬಿಚ್ಚಿಡಿರಿ. ಮಾರನೆಯ ಬೆಳಗ್ಗೆ ಎದ್ದು, ಕೈಗೆ ತಿಳಿದಿರುವ ಒಂದು ಕೆಲಸವನ್ನು ಆರಂಭಿಸಿರಿ. ತಾಯಿತಂದೆಗಳೇ, ನಿಮ್ಮ ಹೆಣ್ಣುಮಗಳಿಗೆ ವಿದ್ಯೆಯ ಜೊತೆಗೆ ಎರಡನೆಯ ಒಂದು ಕೆಲಸವನ್ನೂ ಕಲಿಸಿರಿ. ಯಾವ ಪ್ರಾಮಾಣಿಕ ದುಡಿಮೆಯೂ ಕೀಳಲ್ಲವೆಂಬುದನ್ನು ಮನೆಯಲ್ಲಿಯೇ ತೋರಿಸಿರಿ. ಸಹ್ಯಾದ್ರಿಯ ಕಾಡಿನಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಕೂಸನ್ನು ದಾರಿಯುದ್ದಕ್ಕೂ ನಡೆಸಿದ ದೇವರು ನಮ್ಮ ಹೆಣ್ಣುಮಕ್ಕಳನ್ನೂ ತಿಳಿಯದ ದಾರಿಗಳಲ್ಲಿ ಕೈಹಿಡಿದು ನಡೆಸಲಿ.